ಎರಡನೆಯ ಸುದ್ದಿ

ಬದುಕಿದ್ದ ಹೆಂಗಸೊಬ್ಬರು ಸತ್ತಿದ್ದಾರೆಂದು ನಾನು ಒಪ್ಪಿಗೆ ಕೊಟ್ಟಿದ್ದೇನೆ. ಚೆನ್ನೈಯ ಪೆರುಂಗುಡಿಯ ಒಂದು ಆಫೀಸಿನ ಮೂರನೇ ಮಹಡಿಯಲ್ಲಿ, ಎಸಿಯ ಚಳಿಗೆ ಶಾಲು ಹೊದ್ದು ಕೂತು, ಮಧ್ಯಾಹ್ನದ ಮೊಸರನ್ನ ಅರಗುವ ಹೊತ್ತಿನಲ್ಲಿ. ಆ ಹೆಂಗಸು ಎಲ್ಲಿಯವರೋ ಯಾರೋ ಆಗಿದ್ದರೆ ಗೊತ್ತಾಗಲಿಲ್ಲ ಎನ್ನಬಹುದಿತ್ತು. ಅವರು ನಮ್ಮ ಕೆಳಗಿನ ಮನೆಯವರು. ಅವತ್ತಿನ ಮೊಸರನ್ನಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ ಕೊಟ್ಟು ಕಳಿಸಿದವರೂ ಅವರೇ.

ಆಗ ನಾನು ಮಾಡುತ್ತಿದ್ದ ಕೆಲಸವನ್ನು ಮೈಸೂರಿನ ನೆಂಟರಿಗೆ ವಿವರಿಸುವಷ್ಟರಲ್ಲಿ ಗಂಟಲ ಪಸೆ ಆರುತ್ತಿತ್ತು. "ನಮ್ಮ ಹುಡುಗಿ ಕಂಪ್ಯೂಟರಿಗೆ ಓದೋದು ಕಲಿಸ್ತಾಳೆ" ಎಂದು ಅಮ್ಮ ಕಂಡವರಿಗೆಲ್ಲ ಹೇಳಿಕೊಂಡು ಬರುತ್ತಿದ್ದಳು. ಅದೇನೂ ದೊಡ್ಡ ಸುಳ್ಳಲ್ಲ. ನಮ್ಮ ಕಂಪನಿಯ ಪ್ರೋಗ್ರಾಮು ಇಂಟರ್‌ನೆಟ್ಟಿನಲ್ಲಿ ಅಲೆದು, ಸಿಕ್ಕ ಸಿಕ್ಕ ಇಂಗ್ಲಿಷ್ ಪುಟ ಓದಿ, ಅದರಿಂದ ತನಗೆ ತಿಳಿಯಿತು ಎಂದುಕೊಂಡದ್ದನ್ನು ಒಂದೊಂದು ಸಾಲಾಗಿ ಬರೆದಿಡುತ್ತಿತ್ತು. ಇಂಥ ಊರು ಇಂಥ ರಾಜ್ಯದಲ್ಲಿದೆ. ಇಂಥವರು ಇಂಥ ವರ್ಷ ಹುಟ್ಟಿದರು. ಸಾಲಿನ ಪಕ್ಕದಲ್ಲಿ ಅದು ಓದಿದ ವಾಕ್ಯವೂ ಇರುತ್ತಿತ್ತು. ನಾವು ಹತ್ತು ಹನ್ನೆರಡು ಜನ ಅವೆರಡನ್ನೂ ನೋಡಿ 'ಸರಿ', 'ತಪ್ಪು', 'ಸಂದೇಹ' ಎಂಬ ಮೂರು ಗುಂಡಿಗಳಲ್ಲಿ ಒಂದನ್ನು ಒತ್ತಬೇಕು. ನಾವು ಒತ್ತಿದ್ದನ್ನು ನೋಡಿ ನೋಡಿ ಅದು ಮುಂದಿನ ಸಲ ಇನ್ನಷ್ಟು ಚೆನ್ನಾಗಿ ಓದುವುದನ್ನು ಕಲಿಯುತ್ತಿತ್ತು. ಹೀಗೆ ಕೂಡಿಸಿದ ಸಾಲುಗಳನ್ನು ಊರು, ಶಾಲೆ, ಜನರ ವಿವರ ಹುಡುಕಿಕೊಡುವ ಒಂದು ವೆಬ್‌ಸೈಟಿಗೆ ಕಂಪನಿ ಕೊಡುತ್ತಿತ್ತು.

ಸೇರಿದ ಮೊದಲ ವಾರವೇ ನನಗೊಂದು ಪಾಠವಾಯಿತು. ಪ್ರವಾಸದ ಬಸ್ಸು ಬಿಡುವ ಯಾರೋ ಪುಣ್ಯಾತ್ಮ ಇಂಗ್ಲಿಷಿನಲ್ಲಿ ಒಂದೇ ಕಾಗುಣಿತವಿರುವ ಹಿಮಾಲಯದ ಊರನ್ನೂ ನಮ್ಮ ಮಣಲಿಯನ್ನೂ ಕಲಸಿಬಿಟ್ಟು, ಚೆನ್ನೈಯ ಮಣಲಿಯಲ್ಲಿ ಡಿಸೆಂಬರಿನಲ್ಲಿ ಹಿಮ ಬೀಳುತ್ತದೆ ಎಂದು ಪುಟ ಬರೆದಿದ್ದ. ಯಂತ್ರ ಅದನ್ನು ಹಾಗೇ ಸಾಲು ಮಾಡಿತ್ತು. ನಮ್ಮ ಮಣಲಿಯಲ್ಲಿ ಬೀಳುವುದು ಎಣ್ಣೆ ಕಾರ್ಖಾನೆಯ ಮಸಿ, ಇನ್ನೇನು ಬೀಳಬೇಕು. ನಾನು ನಗುತ್ತಾ 'ತಪ್ಪು' ಒತ್ತಿದೆ. ನಮ್ಮ ಮೇಲ್ವಿಚಾರಕ, ನನಗಿಂತ ಚಿಕ್ಕ ವಯಸ್ಸಿನ ಸಾಧು ಮನುಷ್ಯ, ಕುರ್ಚಿ ಎಳೆದುಕೊಂಡು ಬಂದು ಕೂತ.

"ಪಾರುಂಗೊ ಮೇಡಂ", ನೋಡಿ ಮೇಡಂ, ಎಂದು ಶುರು ಮಾಡಿ ತಮಿಳಿನಲ್ಲಿ ಅವನು ಹೇಳಿದ್ದು ಇಷ್ಟು: ನಿಮಗೆ ಗೊತ್ತಿರುವುದು ನಮಗೆ ಬೇಡ. ಪುಟದಲ್ಲಿ ಏನಿದೆಯೋ ಅದನ್ನು ಯಂತ್ರ ಸರಿಯಾಗಿ ಓದಿದೆಯೇ, ಅಷ್ಟು ಹೇಳಿ. ಪುಟ ಸುಳ್ಳು ಹೇಳಿದರೆ ಆ ಪಾಪ ಪುಟದ್ದು. ಎರಡು ಬೇರೆ ಬೇರೆ ಪುಟ ಒಂದೇ ಮಾತು ಹೇಳಿದಾಗ ಮಾತ್ರ ನಾವು ಅದನ್ನು ನಂಬುತ್ತೇವೆ, ಆದ್ದರಿಂದ ನೀವು ಚಿಂತೆ ಮಾಡಬೇಡಿ. ತೀರಾ ಅನುಮಾನ ಬಂದರೆ ಮೂರನೇ ಗುಂಡಿ ಇದೆಯಲ್ಲ, ಒತ್ತಿ, ಕಾರಣ ಬರೆದು ನನಗೆ ಕಳಿಸಿ.

ನಾನು ಪಾಠ ಬೇಗ ಕಲಿಯುವವಳು. ಮಣಲಿಯಲ್ಲಿ ಹಿಮ ಬೀಳಲಿ, ಮರೀನಾದಲ್ಲಿ ಹುಲಿ ಓಡಾಡಲಿ, ಪುಟದಲ್ಲಿದ್ದರೆ 'ಸರಿ'. ಯಾರ ಉತ್ತರ ಪುಟಕ್ಕೆ ಎಷ್ಟು ಸರಿಹೊಂದಿದೆ ಎಂದು ಪ್ರತಿ ವಾರ ನೀರಿನ ಕ್ಯಾನಿನ ಪಕ್ಕದ ಬೋರ್ಡಿನಲ್ಲಿ ಬರೆಯುತ್ತಿದ್ದರು. ಕೆಲವೇ ತಿಂಗಳಲ್ಲಿ ನನ್ನ ಹೆಸರು ಮೇಲಕ್ಕೆ ಹೋಗಿ ಅಲ್ಲೇ ಕೂತುಬಿಟ್ಟಿತು. ಮೂವತ್ತೈದು ದಾಟಿದ, ಒಂದು ಮಗುವಿನ ತಾಯಿ ನಾನು. ಸ್ಕೂಲಿನ ಹುಡುಗಿಯ ಹಾಗೆ ಆ ಬೋರ್ಡು ನೋಡದೆ ನನಗೆ ಕಾಫಿ ಇಳಿಯುತ್ತಿರಲಿಲ್ಲ.

ಅಣ್ಣಾ ನಗರದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಭಾಗದಲ್ಲಿ ಟೀಚರಮ್ಮ ಇದ್ದರು. ತರಕಾರಿಯವನಿಂದ ಹಿಡಿದು ಪೋಸ್ಟ್‌ಮ್ಯಾನ್ ತನಕ ಎಲ್ಲರಿಗೂ ಅವರು ಟೀಚರಮ್ಮನೇ. ಮೂರು ತಲೆಮಾರಿನಿಂದ ಮದರಾಸಿನಲ್ಲೇ ಬೇರೂರಿದ ಕನ್ನಡದ ವೈಷ್ಣವರ ಮನೆ. ಹುಡುಗಿಯರ ಸ್ಕೂಲಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗಣಿತ ಹೇಳಿ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಅವರ ಕನ್ನಡದಲ್ಲಿ ಕ್ರಿಯಾಪದ ಕನ್ನಡದ್ದು, ಮಿಕ್ಕದ್ದು ಮನಸ್ಸು ಬಂದ ಹಾಗೆ. "ನಿಂದು ಪಾಠಪುಸ್ತಕದ ಕನ್ನಡ, ಉಪ್ಪೂ ಇಲ್ಲ ಕಾರವೂ ಇಲ್ಲ" ಎಂದು ನನ್ನನ್ನು ಛೇಡಿಸುತ್ತಿದ್ದರು. ನಮ್ಮಿಬ್ಬರಿಗೂ ನನ್ನ ಮಗಳು ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು.

ಅವರ ಹಳೆಯ ಶಿಷ್ಯೆಯರು ಸೇರಿ, ನಮ್ಮ ಮಿಸ್ಸಿಗೆ ಒಂದು ವೆಬ್ ಪುಟ ಮಾಡಿಕೊಡಿ ಎಂದು ನನ್ನನ್ನು ಕೇಳಿದ್ದರು. ಮಾಡಿಕೊಟ್ಟಿದ್ದೆ. ಅವರದೊಂದು ಹಳೆಯ ಫೋಟೋ, ಯಾವ ವರ್ಷ ಯಾರು ಓದಿದರು ಎಂಬ ಪಟ್ಟಿ, ಕೆಳಗೆ ನನ್ನ ಮೇಲ್ ವಿಳಾಸ, ಇಷ್ಟೇ. ಈ ಪುಟವೇ ಮುಂದೆ ನನ್ನ ಕೊರಳಿಗೆ ಸುತ್ತಿಕೊಂಡಿತು.

ಒಂದು ಬೇಸಗೆಯ ಭಾನುವಾರ ಟೀಚರಮ್ಮ ತಾರಸಿಯಲ್ಲಿ ಸಂಡಿಗೆ ಇಟ್ಟಿದ್ದರು. ದಿನಾ ಊಟಕ್ಕೆ ಮುಂಚೆ ಕಾಗೆಗೆ ಒಂದು ತುತ್ತು ಅನ್ನ ಹಾಕಿಯೇ ಅವರು ಎಲೆಯ ಮುಂದೆ ಕೂರುವುದು. ಅನ್ನ ತಿಂದ ಕಾಗೆಯೋ ಬೇರೆಯದೋ, ಅವತ್ತು ಸಂಡಿಗೆ ಕಾಯುತ್ತಿದ್ದವರ ನಡುನೆತ್ತಿಗೆ ಕಾಲಿನಿಂದ ಬಡಿದು ಹಾರಿಹೋಯಿತು. ಸೆರಗು ತಲೆಗೆ ಒತ್ತಿಕೊಂಡು ಇಳಿದು ಬಂದು ಮೆಟ್ಟಿಲ ಮೇಲೆ ಕೂತರು. ನಾನು ನಕ್ಕೆ. ಅವರು ನಗಲಿಲ್ಲ.

"ನಗಬೇಡ ಡಿ. ಶಾಸ್ತ್ರಂ ಇದೆ" ಎಂದರು. "ಕಾಗೆ ತಲೆಗೆ ಹೊಡೆದ್ರೆ ಸಾವು ಬರತ್ತೆ. ಅದು ಬರೋ ಮುಂಚೆ ನಾವೇ ಸತ್ತೋದ್ವಿ ಅಂತ ಸುದ್ದಿ ಕಳಿಸ್ಬಿಡ್ಬೇಕು. ಕೇಳಿದವರು ಅತ್ತು, ತಲೆಗೆ ಸ್ನಾನ ಮಾಡಿದ್ರೆ ದೋಷಂ ಹೋಯ್ತು. ಅಪ್ಪುರಂ ಎರಡನೇ ಸುದ್ದಿ ಕಳಿಸ್ಬೇಕು, ಇಲ್ಲಮ್ಮ, ಇದ್ದೀನಿ, ಕಾಗೆಗೋಸ್ಕರ ಹೇಳಿದ್ದು ಅಂತ."

ನಮ್ಮ ಕಡೆಯೂ ಈ ಪದ್ಧತಿ ಇತ್ತು. ಸತ್ತ ಅಜ್ಜಿ ಮಾರನೆಯ ದಿನವೇ ಬದುಕಿದ ಕಾಗದ ನಮ್ಮ ಮನೆಗೂ ಒಮ್ಮೆ ಬಂದಿತ್ತು. ಹಾಗಿದ್ದರೆ ಯಾರಿಗಾದರೂ ಒಂದು ಫೋನ್ ಮಾಡಿ ಮುಗಿಸಿ ಎಂದೆ.

"ಯಾರಿಗಾದ್ರೂ ಮಾಡೋದಲ್ಲ. ನಿಜಮಾಗಿ ಅಳೋರಿಗೆ ಮಾತ್ರ ಕಳಿಸ್ಬೇಕು. ಯಾರ ಕಣ್ಣೀರಿಗೆ ಬೆಲೆ ಇದೆಯೋ ಅವರಿಗೆ. ನನಗೆ ಇರೋದು ಒಬ್ಳೇ."

ಆ ಒಬ್ಬಳು ಅವರ ತಂಗಿ. ನಾನು ಆ ಮನೆಗೆ ಬಂದು ನಾಲ್ಕು ವರ್ಷವಾಗಿದ್ದರೂ ತಂಗಿಯ ಮಾತು ಅವರು ಎತ್ತಿದ್ದು ಅವತ್ತೇ. ಮೂವತ್ತು ವರ್ಷದ ಹಿಂದೆ ಅವರ ತಂದೆಯ ತಲೆಗೂ ಕಾಗೆ ಬಡಿದಿತ್ತಂತೆ. ರೈಲ್ವೆಯಲ್ಲಿದ್ದ ಗಂಡನ ಜೊತೆ ದೂರದ ಊರಿನಲ್ಲಿದ್ದ ತಂಗಿಗೆ, ಅಪ್ಪ ಹೋದರು ಎಂದು ಟೀಚರಮ್ಮನೇ ತಂತಿ ಕೊಟ್ಟರು. ಮಾರನೆಯ ದಿನ ಎರಡನೆಯ ತಂತಿಯನ್ನೂ ಕೊಟ್ಟರು. ಆದರೆ ಅದು ತಲುಪುವ ಮೊದಲೇ ತಂಗಿ ರೈಲು ಹತ್ತಿಬಿಟ್ಟಿದ್ದಳು. ಜ್ವರ ಬಂದ ಕೈಗೂಸನ್ನು ಎತ್ತಿಕೊಂಡು, ದಾರಿಯುದ್ದಕ್ಕೂ ಅತ್ತುಕೊಂಡು ಮನೆಗೆ ಬಂದರೆ, ತಂದೆ ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು.

"ನನ್ನ ಅಳು ನಿಮಗೆ ಆಟವಾ ಅಕ್ಕ ಅಂದ್ಲು" ಎಂದರು ಟೀಚರಮ್ಮ. "ಅಷ್ಟೇ. ಒಂದು ಲೋಟ ನೀರು ಕುಡೀಲಿಲ್ಲ. ವಾಪಸ್ ಹೋದ್ಲು. ಆಮೇಲೆ ಅಪ್ಪ ನಿಜಮಾಗಿ ಹೋದಾಗ ತಂತಿ ಕೊಟ್ಟೆ. ಬರಲಿಲ್ಲ. ಇದೂ ಕಾಗೆ ಅಂದ್ಕೊಂಡ್ಲೋ ಏನೋ. ಅವಳ ಗಂಡನಿಗೆ ಊರೂರು ವರ್ಗ ಆಯ್ತು, ವಿಳಾಸ ತಪ್ಪಿಹೋಯ್ತು."

ನನ್ನ ಮುಖ ನೋಡದೆ ಕೇಳಿದರು. "ನಿನ್ನ ಇಂಟರ್‌ನೆಟ್ ಎಲ್ಲಾ ಊರಿಗೂ ಹೋಗತ್ತೆ ತಾನೇ? ಅದರಲ್ಲಿ ಹಾಕು. ಅಕ್ಕ ಬದುಕಿದ್ದಾಳೆ ಅಂದ್ರೆ ಅವಳು ತಿರುಗಿ ನೋಡಲ್ಲ. ಸತ್ತಳು ಅಂದ್ರೆ ಒಂದ್ಸಲ ಬಂದು ನೋಡ್ಬಹುದು."

ಆಗ ನನಗೆ ತಿಳಿಯಿತು, ಅವರಿಗೆ ಬೇಕಾಗಿದ್ದದ್ದು ಕಾಗೆಯ ದೋಷಕ್ಕೆ ಪರಿಹಾರವಲ್ಲ. ತಂಗಿ ಬರಬೇಕಾಗಿತ್ತು. ಶಿಷ್ಯೆಯರೆಲ್ಲ ಗಾಬರಿಯಾಗುತ್ತಾರಲ್ಲ ಎಂದೆ. "ಆಗ್ಲಿ. ನನಗೇನು ಕಮ್ಮಿ ಅಳು ಕೊಟ್ಟಿದ್ದಾರಾ ಅವರು, ಆಲ್ಜೀಬ್ರಾದಲ್ಲಿ?" ಎಂದರು. ನಾನು ಮೇಲೆ ಹೋಗಿ ಪುಟದ ತುದಿಯಲ್ಲಿ ಇಂಗ್ಲಿಷಿನಲ್ಲಿ ಎರಡು ಸಾಲು ಬರೆದೆ. ನಮ್ಮ ಪ್ರೀತಿಯ ಮಿಸ್ ಇನ್ನಿಲ್ಲ ಎಂದು, ಅವರ ಪೂರ್ತಿ ಹೆಸರು, ಸ್ಕೂಲು, ವರ್ಷ ಸಮೇತ. ಸೊಗಸಾಗಿಯೇ ಬರೆದೆ. ಯಂತ್ರಕ್ಕೆ ಎಂಥ ವಾಕ್ಯ ಸಲೀಸಾಗಿ ಅರ್ಥವಾಗುತ್ತದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಸೋಮವಾರವೆಲ್ಲ ಕೆಳಗಿನ ಮನೆಯ ಫೋನು ಹೊಡೆದುಕೊಂಡಿತಂತೆ. ಅಳುತ್ತಾ ಫೋನ್ ಮಾಡಿದವರಿಗೆ ಟೀಚರಮ್ಮನೇ ರಿಸೀವರ್ ಎತ್ತಿ, "ನಾನೇ ಮಾತಾಡ್ತಿರೋದು. ಅತ್ತಾಯ್ತಾ? ಸೆರಿ, ಹೋಗಿ ಸ್ನಾನ ಮಾಡು" ಎನ್ನುತ್ತಿದ್ದರಂತೆ. ಸಂಜೆ ನಾನು ಬಂದಾಗ ಅವರ ಮುಖ ಲಕಲಕ ಎನ್ನುತ್ತಿತ್ತು. ಎಲ್ಲಾ ಹೇಳಿ ಮುಗಿಸಿದ ಮೇಲೆ ಮೆಲ್ಲಗೆ, "ಬೇರೆ ಯಾರಾದ್ರೂ ಬರೆದ್ರಾ?" ಎಂದರು. ಇಲ್ಲ ಎಂದೆ. ಮಂಗಳವಾರವೂ ಕೇಳಿದರು. ಬುಧವಾರ, "ಸಾಕು, ಎರಡನೇ ಸುದ್ದಿ ಹಾಕಿಬಿಡು" ಎಂದರು.

ನಾನು ಎರಡನೆಯ ಸುದ್ದಿ ಹಾಕಲಿಲ್ಲ. ಮೊದಲನೆಯದನ್ನು ಅಳಿಸಿದೆ, ಅಷ್ಟೇ. ಬದುಕಿದ್ದಾರೆ ಎಂದು ಯಾರಾದರೂ ಪುಟ ಬರೆಯುತ್ತಾರೆಯೇ, ಓದಿದವರು ನಗುವುದಿಲ್ಲವೇ ಎಂದುಕೊಂಡೆ. ಮಗಳ ಹೋಮ್‌ವರ್ಕ್ ಬೇರೆ ಇತ್ತು. "ಹಾಕಿದ್ಯಾ?" ಎಂದು ಮೆಟ್ಟಿಲ ಬುಡದಿಂದ ಕೂಗಿ ಕೇಳಿದರು. "ಹ್ಞೂಂ, ಹಾಕಿದೆ" ಎಂದು ಮೇಲಿನಿಂದಲೇ ಕೂಗಿದೆ.

ಏಳೆಂಟು ತಿಂಗಳು ಕಳೆದಿರಬೇಕು. ಚೆನ್ನೈಗೆ ಸಂಬಂಧಪಟ್ಟ ಸಾಲುಗಳು ನಮ್ಮ ಗುಂಪಿಗೆ ಬರುತ್ತಿದ್ದವು. ಮಾವಿನ ಮಿಡಿಯ ಕಾರ ಇನ್ನೂ ನಾಲಿಗೆಯ ಮೇಲಿರುವಾಗಲೇ ಪರದೆಯ ಮೇಲೆ ಟೀಚರಮ್ಮನ ಹೆಸರು ಮೂಡಿತು. ಹೆಸರು, ಅದರ ಮುಂದೆ 'ಮರಣ', ಅದರ ಮುಂದೆ ವರ್ಷ. ಆಧಾರ ಎರಡು ಪುಟ. ಒಂದು ನಾನು ಬರೆದದ್ದು, ಆ ಮೂರು ದಿನಗಳಲ್ಲೇ ಯಂತ್ರ ಅದನ್ನು ಓದಿ ನಕಲು ಇಟ್ಟುಕೊಂಡಿತ್ತು. ಇನ್ನೊಂದು ಎಲ್ಲೋ ಇರುವ ಶಿಷ್ಯೆಯೊಬ್ಬಳ ಸ್ವಂತ ಪುಟ. ಅವಳು ನನ್ನ ಎರಡು ಸಾಲನ್ನು ಎತ್ತಿ ಹಾಕಿಕೊಂಡು, ಮಿಸ್ಸಿನ ನೆನಪು ಬರೆದು, ತೆಗೆಯುವುದನ್ನೇ ಮರೆತಿದ್ದಳು. ಎರಡು ಬೇರೆ ಬೇರೆ ಪುಟ, ಒಂದೇ ಮಾತು.

ನಾನೇನು ಮಾಡಿದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ. ಮೊದಲು ನಕ್ಕೆ. ಸಂಜೆ ಹೋಗಿ ಟೀಚರಮ್ಮನಿಗೆ ಹೇಳಿದರೆ ಎಷ್ಟು ನಗಬಹುದು ಎಂದುಕೊಂಡೆ. ಆಮೇಲೆ ಕೈ ಮೂರನೆಯ ಗುಂಡಿಯ ಹತ್ತಿರ ಹೋಯಿತು. ಅದನ್ನು ಒತ್ತಿದರೆ ಕಾರಣ ಬರೆಯಬೇಕು. ಏನೆಂದು ಬರೆಯಲಿ? ಈ ಸುಳ್ಳು ಪುಟ ಬರೆದವಳು ನಾನೇ ಎಂದೇ? ಪುಟಗಳನ್ನು ಪರೀಕ್ಷಿಸುವವಳೇ ಸುಳ್ಳು ಪುಟ ಹಾಕಿದ್ದಾಳೆ, ಅದೂ ಕಾಗೆಯ ನೆವದಲ್ಲಿ ಎಂದು ಇಡೀ ಮಹಡಿ ಆಡಿಕೊಳ್ಳುವುದಿಲ್ಲವೇ? ಬೇಲಿಯೇ ಎದ್ದು ಹೊಲ ಮೇಯ್ದ ಕಥೆ. 'ತಪ್ಪು' ಒತ್ತಿದರೆ ಬೋರ್ಡಿನಲ್ಲಿ ನನ್ನ ಹೆಸರು ಇಳಿಯುತ್ತದೆ, ಯಾಕೆಂದರೆ ಪುಟದಲ್ಲಿ ಹಾಗೇ ಇದೆ, ಯಂತ್ರ ಒಂದಕ್ಷರ ತಪ್ಪಿಲ್ಲದೆ ಓದಿದೆ. ನಿಮಗೆ ಗೊತ್ತಿರುವುದು ಬೇಡ ಎಂದು ನಿಯಮವೇ ಇದೆಯಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. 'ಸರಿ' ಒತ್ತಿದೆ. ಮುಂದಿನ ಸಾಲು ಬಂತು, ಅದು ಯಾವುದೋ ಕೆರೆಯ ಆಳ.

ಸಂಜೆ ಅವರಿಗೆ ಹೇಳಲೂ ಇಲ್ಲ. ನಗು ವ್ಯಾನಿನಲ್ಲೇ ಇಳಿದುಹೋಗಿತ್ತು. ಆ ಶಿಷ್ಯೆಗೆ ಒಂದು ಮೇಲ್ ಹಾಕಿ ಪುಟ ತೆಗೆಸಬೇಕು ಎಂದುಕೊಂಡೆ. ನಾಳೆ ಎಂದುಕೊಂಡೆ. ನನ್ನ ಬಾಳಿನಲ್ಲಿ ಆ ನಾಳೆ ಬರಲೇ ಇಲ್ಲ.

ಅದಾದ ಎರಡನೆಯ ವರ್ಷ, ಪುಟದ ಕೆಳಗಿದ್ದ ನನ್ನ ವಿಳಾಸಕ್ಕೆ ನಾಗಪುರದಿಂದ ಒಂದು ಮೇಲ್ ಬಂತು. ಬರೆದವಳು ಟೀಚರಮ್ಮನ ತಂಗಿಯ ಮಗಳು. ಜ್ವರದಲ್ಲಿ ರೈಲಿನಲ್ಲಿ ಬಂದಿದ್ದ ಕೂಸು ಇವಳೇ ಇರಬೇಕು. ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಬರೆದಿದ್ದಳು. ನನ್ನ ತಾಯಿ ಹೋದ ತಿಂಗಳು ತೀರಿಕೊಂಡರು. ಕಳೆದ ವರ್ಷ ಅವರಿಗೆ ಕಾಯಿಲೆ ಎಂದು ಗೊತ್ತಾದಾಗ ಅಕ್ಕನನ್ನು ನೋಡಬೇಕು ಎಂದು ಹಟ ಹಿಡಿದರು. ಚೆನ್ನೈಗೆ ರೈಲಿನ ಟಿಕೆಟ್ ಮಾಡಿಸಿದೆ. ದೊಡ್ಡಮ್ಮನ ವಿಳಾಸಕ್ಕಾಗಿ ಹುಡುಕುವಾಗ, ಅವರು ತೀರಿಕೊಂಡು ವರ್ಷವಾಯಿತು ಎಂದು ಒಂದು ವೆಬ್‌ಸೈಟಿನಲ್ಲಿತ್ತು. ಟಿಕೆಟ್ ರದ್ದು ಮಾಡಿಸಿದೆವು. ಅಮ್ಮನ ಫೋಟೋ ಪಕ್ಕದಲ್ಲಿ ದೊಡ್ಡಮ್ಮನದೂ ಇಡಬೇಕೆಂದು ಆಸೆ, ನಿಮ್ಮ ಪುಟದಲ್ಲಿರುವ ಫೋಟೋದ ಒಳ್ಳೆಯ ಪ್ರತಿ ಕಳಿಸಬಹುದೇ?

ಇಷ್ಟೇ ಆಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆನೇನೋ. ಕೊನೆಯಲ್ಲಿ ಅವಳು ಇನ್ನೊಂದು ಮಾತು ಸೇರಿಸಿದ್ದಳು. ವಿಷಯ ಹೇಳಿದಾಗ ಅಮ್ಮ ಮೊದಲು ನಂಬಲಿಲ್ಲ, ಏನೋ ಕಾಗೆಯ ವಿಚಾರ ಹೇಳಿ, ಎರಡು ದಿನ ಕಾಯೋಣ, ಇನ್ನೊಂದು ಸುದ್ದಿ ಬರುತ್ತದೆ ಎಂದರು. ನನಗೆ ಅರ್ಥವಾಗಲಿಲ್ಲ. ಇದು ನೆಂಟರ ಕಾಗದ ಅಲ್ಲಮ್ಮ, ಎಲ್ಲಾ ಪರೀಕ್ಷೆ ಮಾಡಿ ಹಾಕುವ ವೆಬ್‌ಸೈಟು ಎಂದು ನಾನು ಹೇಳಿದ ಮೇಲೆ ಎದ್ದು ಹೋಗಿ ಸ್ನಾನ ಮಾಡಿದರು.

ಪರೀಕ್ಷೆ ಮಾಡಿದವಳು ನಾನು. ಆ ತಾಯಿ ಸರಿಯಾಗಿಯೇ ಹೇಳಿದ್ದಳು, ಎರಡು ದಿನ ಕಾಯೋಣ ಎಂದು. ಎರಡನೆಯ ಸುದ್ದಿಯನ್ನು ನಾನು ಹಾಕಿದ್ದಿದ್ದರೆ ಅವಳ ಮಗಳಿಗೆ ಅದು ಸಿಗುತ್ತಿತ್ತು. ಮೂರನೆಯ ಗುಂಡಿ ಒತ್ತಿದ್ದಿದ್ದರೆ ಮೊದಲನೆಯದೂ ಸಿಗುತ್ತಿರಲಿಲ್ಲ. ಅವತ್ತಿನ ತನಕ ನನ್ನನ್ನು ನಾನು ಒಳ್ಳೆಯವಳೆಂದೇ ತಿಳಿದುಕೊಂಡಿದ್ದೆ.

ಆ ಗಳಿಗೆಯಲ್ಲೇ ಮೇಲ್ವಿಚಾರಕನ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ, ಕಾಗೆಯಿಂದ ಹಿಡಿದು. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವನು ಸುಮ್ಮನೆ ಕೇಳಿಸಿಕೊಂಡು, ಸಾಲು ತೆಗೆಯಬೇಕಾದರೆ ಅವರು ಬದುಕಿದ್ದಾರೆ ಎನ್ನುವ ಪುಟ ಯಾವುದಾದರೂ ಇದೆಯೇ ಎಂದು ಕೇಳಿದ. ಇಲ್ಲ ಎಂದೆ. ಸತ್ತವರಿಗೆ ನಮ್ಮಲ್ಲಿ ಒಂದು ಖಾನೆ ಇತ್ತು, ಬದುಕಿರುವವರಿಗೆ ಖಾನೆಯೇ ಇರಲಿಲ್ಲ. ಅವನು ನಿಟ್ಟುಸಿರು ಬಿಟ್ಟು, ನಿಯಮ ಬದಿಗಿಟ್ಟು, ತಾನೇ ಕೈಯಾರೆ ಆ ಸಾಲನ್ನು ಅಳಿಸಿದ. ಒಂದು ಗುಟುಕು ಕಾಫಿ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ.

ನಾಗಪುರದವಳಿಗೂ ಆಗಲೇ ಬರೆದೆ. ನಿಮ್ಮ ದೊಡ್ಡಮ್ಮ ಬದುಕಿದ್ದಾರೆ. ಸುಳ್ಳು ಬರೆದವಳು ನಾನು, ಗೊತ್ತಿದ್ದೂ ಅದನ್ನು ನಿಜ ಎಂದವಳೂ ನಾನು. ನನ್ನನ್ನು ಕ್ಷಮಿಸಬೇಡಿ, ಆದರೆ ಅವರಿಗೆ ಒಂದು ಫೋನ್ ಮಾಡಿ ಎಂದು ಬೇಡಿಕೊಂಡು ನಂಬರ್ ಕೊಟ್ಟೆ.

ಇನ್ನುಳಿದದ್ದು ಟೀಚರಮ್ಮನಿಗೆ ಹೇಳುವುದು. ಪೆರುಂಗುಡಿಯಿಂದ ಅಣ್ಣಾ ನಗರಕ್ಕೆ ಬರುವಷ್ಟು ಹೊತ್ತೂ ಕಂಪನಿಯ ವ್ಯಾನಿನಲ್ಲಿ ಕೂತು ಮಾತು ಜೋಡಿಸಿದೆ. ಮೊದಲು ತಂಗಿ ಹೋದದ್ದು, ಆಮೇಲೆ ಟಿಕೆಟ್ಟಿನ ವಿಷಯ, ಆಮೇಲೆ ನನ್ನ ಗುಂಡಿ, ಕೊನೆಗೆ ಕಾಲಿಗೆ ಬೀಳುವುದು. ಅವರು ಮುಂದಿನ ಕೋಣೆಯಲ್ಲಿ ನನ್ನ ಮಗಳಿಗೆ ಭಿನ್ನರಾಶಿ ಹೇಳಿಕೊಡುತ್ತಿದ್ದರು. ಮಗಳನ್ನು ಮೇಲೆ ಕಳಿಸಿದೆ.

"ಟೀಚರಮ್ಮ, ನಾಗಪುರದಿಂದ ಮೇಲ್ ಬಂದಿದೆ. ನಿಮ್ಮ ತಂಗಿ ಮಗಳು ಬರೆದಿದ್ದಾಳೆ. ನಿಮ್ಮ ತಂಗಿ ಹೋದರಂತೆ."

ಅವರು ಪೆನ್ಸಿಲ್ ಕೆಳಗಿಟ್ಟರು. ಆಮೇಲೆ ಮೂವತ್ತು ವರ್ಷದ ಅಳೆಲ್ಲ ಒಟ್ಟಿಗೆ ಬಂತು. ತಂಗಿಯನ್ನು ಚಿಕ್ಕಂದಿನ ಹೆಸರಿನಿಂದ ಕರೆದು ಕರೆದು ಅತ್ತರು. ಸೊಂಟದಲ್ಲಿ ಎತ್ತಿಕೊಂಡು ತಿರುಗಿದ್ದೆ ಅವಳನ್ನ ಎಂದರು. ನಾನು ಅವರ ಬೆನ್ನು ಸವರುತ್ತಾ ಕೂತೆ. ಮಿಕ್ಕದ್ದನ್ನು ಅಳು ಇಳಿದ ಮೇಲೆ ಹೇಳುತ್ತೇನೆ ಎಂದು ಕಾದೆ. ಅವರು ಎದ್ದು ಬಚ್ಚಲಿಗೆ ಹೋದರು. ತಂಬಿಗೆ ತಂಬಿಗೆ ನೀರು ತಲೆಯ ಮೇಲೆ ಸುರಿದುಕೊಳ್ಳುವುದು ಕೇಳಿಸುತ್ತಿತ್ತು.

ಒದ್ದೆ ಕೂದಲಿಗೆ ಟವೆಲ್ ಸುತ್ತಿಕೊಂಡು ಬಂದಾಗ ಅವರ ಮುಖ ಬೇರೆಯೇ ಆಗಿತ್ತು. ಕಣ್ಣು ಕೆಂಪಾಗಿತ್ತು, ಆದರೆ ತುಟಿಯ ಕೊನೆಯಲ್ಲಿ ನಗು ಇತ್ತು. ನನ್ನ ಎದುರಿಗೆ ಕೂತರು.

"ಏನು ಪೆದ್ದಿ ನಾನು" ಎಂದರು. "ಅವಳ ತಲೆಗೆ ಕಾಗೆ ಹೊಡೆದಿದೆ ಕಣೇ."

ನಾನು ಮಗಳ ಭಿನ್ನರಾಶಿಯ ನೋಟ್‌ಬುಕ್ ಮುಚ್ಚಿಟ್ಟೆ.

"ನೋಡು, ಇಷ್ಟು ವರ್ಷ ಇಲ್ಲದ್ದು ಈಗ ಯಾಕೆ ಬರೀತಾರೆ? ಅವಳಿಗೂ ವಯಸ್ಸಾಯ್ತು, ಭಯ ಹಿಡಿದಿರತ್ತೆ. ಯಾರು ನಿಜಮಾಗಿ ಅಳ್ತಾರೆ ಅಂತ ಯೋಚನೆ ಮಾಡಿದಾಳೆ. ನನ್ನ ಹೆಸರು ನೆನಪಿಗೆ ಬಂದಿದೆ ಅವಳಿಗೆ, ಪಾವಂ." ಟವೆಲಿನ ತುದಿಯಿಂದ ಕಣ್ಣೊರೆಸಿಕೊಂಡರು. "ಕೋಪ ಹೋಗಿದೆ ಅಂತ ತಾನೇ ಅರ್ಥ? ಕೋಪ ಇದ್ರೆ ನನ್ನ ಕಣ್ಣೀರು ಅವಳಿಗೆ ಯಾಕೆ ಬೇಕು? ನಾಳೆ ಎರಡನೇ ಸುದ್ದಿ ಬರತ್ತೆ. ಬಂದ ತಕ್ಷಣ ಹೇಳು, ಫೋನ್ ಮಾಡೋಣ."

ಆಗಲೇ ಬಾಯಿ ಬಿಡಬೇಕಿತ್ತು. ಅಲ್ಲ ಟೀಚರಮ್ಮ, ಇದು ಕಾಗೆ ಅಲ್ಲ, ನಾನು ಎನ್ನಬೇಕಿತ್ತು. ಅವರು ಎದ್ದು ಒಳಗೆ ಹೋಗಿ ಎರಡು ಲೋಟ ಕಾಫಿ ಮಾಡಿಕೊಂಡು ಬಂದರು. ನಾನು ಕುಡಿದೆ. ಒಳ್ಳೆಯ ಕಾಫಿ.

ಮಾರನೆಯ ದಿನ ಮಧ್ಯಾಹ್ನ ನಾಗಪುರದಿಂದ ಉತ್ತರ ಬಂತು. ಎರಡೇ ಸಾಲು. ನನ್ನ ಅಜ್ಜ ಸತ್ತು ಬದುಕಿದ ಕಥೆ ಅಮ್ಮ ಹೇಳಿದ್ದಳು, ಈಗ ದೊಡ್ಡಮ್ಮನ ಕಥೆ ನೀವು ಹೇಳುತ್ತಿದ್ದೀರಿ. ನಿಮ್ಮ ಊರಿನ ಯಾವ ಸುದ್ದಿಯೂ ನಮಗೆ ಬೇಡ, ದಯವಿಟ್ಟು ಇನ್ನು ಬರೆಯಬೇಡಿ. ಟೀಚರಮ್ಮನಿಗೆ ತೋರಿಸಿಯೇಬಿಡುತ್ತೇನೆ ಎಂದು ಅದನ್ನು ಪ್ರಿಂಟ್ ತೆಗೆದು ಮಡಿಸಿ ಬ್ಯಾಗಿನಲ್ಲಿಟ್ಟುಕೊಂಡೆ.

ವ್ಯಾನಿನಿಂದ ಇಳಿದಾಗ ಅವರು ಗೇಟಿನ ಹತ್ತಿರವೇ ನಿಂತಿದ್ದರು. ಒಗೆದ ಸೀರೆ ಉಟ್ಟು, ತಲೆ ಬಾಚಿ ಹೂ ಮುಡಿದಿದ್ದರು.

"ಬಂತೇನೇ, ಎರಡನೇದು?"

ಬ್ಯಾಗಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡೆ.

"ಇನ್ನೂ ಇಲ್ಲ ಟೀಚರಮ್ಮ."

ನನ್ನ ಮುಖದಲ್ಲಿ ಏನು ಕಂಡಿತೋ, ಹತ್ತಿರ ಬಂದು ಕೆನ್ನೆ ತಟ್ಟಿದರು. "ಅದಕ್ಯಾಕೆ ಅಳ್ತೀಯ? ಬರತ್ತೆ. ಕೊಂಜ ತಡಿ" ಎಂದು ನನಗೇ ಸಮಾಧಾನ ಹೇಳಿದರು.